ಕೇಡಗಾಂವದ ಮುಕ್ತಿ ಸದನ

ಪುಣೆಯಿಂದ ಸೊಲ್ಲಾಪುರದತ್ತ ಸಾಗುವ ರೈಲುಮಾರ್ಗದಲ್ಲಿ, ಸುಮಾರು 60 ಕಿಲೋಮೀಟರು ದೂರದಲ್ಲಿ, ಕೇಡಗಾಂವ ಎಂಬ ಊರಿದೆ. ಮಳೆ ಕಡಿಮೆಯಾದ ಬಯಲುನಾಡು ಅದು. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಇಲ್ಲಿನ ಸುಮಾರು 100 ಎಕರೆ ಒಣನೆಲವು ನೂರಾರು ಅನಾಥ ಹೆಣ್ಣುಮಕ್ಕಳಿಗೆ ತವರಾಯಿತು. ಬರಗಾಲದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡವರು, ವಿಧವೆಯರೆಂಬ ಕಾರಣಕ್ಕೆ ಮನೆಯಿಂದ ಹೊರದೂಡಲ್ಪಟ್ಟವರು, ದಿಕ್ಕಿಲ್ಲದೆ ಬೀದಿಯಲ್ಲಿ ಅಲೆಯುತ್ತಿದ್ದವರು ಇಲ್ಲಿ ಆಶ್ರಯ ಪಡೆದರು. ಈ ಆಶ್ರಯಕ್ಕೆ ಮುಕ್ತಿ ಸದನವೆಂದು ಹೆಸರು. ಇದನ್ನು ಕಟ್ಟಿದವರು ಪಂಡಿತಾ ರಮಾಬಾಯಿ.

ರಮಾಬಾಯಿಯವರು ಹುಟ್ಟಿದ್ದು ಕನ್ನಡ ನಾಡಿನಲ್ಲಿ. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಸಮೀಪದ ಮಾಳದ ಕಡೆಯವರು. ಸಂಸ್ಕೃತದಲ್ಲಿ ದೊಡ್ಡ ವಿದ್ವಾಂಸರು. ಹೆಂಗಸರು ವೇದಭಾಷೆಯನ್ನು ಕಲಿಯಬಾರದೆಂಬ ಕಟ್ಟಳೆಯ ಕಾಲದಲ್ಲಿ ಅವರು ತಮ್ಮ ಪತ್ನಿ ಲಕ್ಷ್ಮೀಬಾಯಿಯವರಿಗೆ ಸಂಸ್ಕೃತ ಕಲಿಸಿದರು. ಇದರಿಂದ ಸ್ವಜನರ ವಿರೋಧಕ್ಕೆ ಗುರಿಯಾದರು. ಪಶ್ಚಿಮಘಟ್ಟದ ಗಂಗಾಮೂಲದ ದಟ್ಟ ಕಾಡಿನಲ್ಲಿ ಆಶ್ರಮ ಕಟ್ಟಿಕೊಂಡು ನೆಲಸಿದರು. ಅಲ್ಲಿ 1858ರಲ್ಲಿ ರಮಾಬಾಯಿ ಜನಿಸಿದರು. ಮುಂದೆ ಬಡತನಕ್ಕೆ ಸಿಲುಕಿದ ಆ ಕುಟುಂಬ ಪುರಾಣ ಹೇಳುತ್ತ, ತೀರ್ಥದಿಂದ ತೀರ್ಥಕ್ಕೆ ಕಾಲ್ನಡಿಗೆಯಲ್ಲಿ ಅಲೆಯಿತು. ಆ ಅಲೆದಾಟದಲ್ಲಿಯೇ ಬಾಲಕಿಯು ತಾಯಿಯ ಬಾಯಿಂದ ಸಾವಿರಾರು ಶ್ಲೋಕಗಳನ್ನು ಕಲಿತಳು.

1870ರ ದಶಕದ ಬರಗಾಲ ಈ ಕುಟುಂಬವನ್ನು ಒಡೆದುಹಾಕಿತು. ಇದ್ದ ಅಲ್ಪಸ್ವಲ್ಪ ಹಣ ಕರಗಿದ ಮೇಲೆ ಎಲೆ, ಕಾಡುಹಣ್ಣುಗಳೇ ಆಹಾರವಾದವು. ಮೊದಲು ತಂದೆ ತೀರಿಕೊಂಡರು. ಅನಂತರ ತಾಯಿ ಹಾಸಿಗೆ ಹಿಡಿದರು. ಜ್ವರದ ತಾಪದಲ್ಲಿ ಅವರು ಅನ್ನಕ್ಕಾಗಿ ಹಂಬಲಿಸುತ್ತಿದ್ದಾಗ, ಹದಿಹರೆಯದ ರಮಾಬಾಯಿ ನೆರೆಮನೆಯ ಬಾಗಿಲಿಗೆ ಹೋಗಿ ನಿಂತರು. ಬೇಡಿ ಅಭ್ಯಾಸವಿರದ ನಾಲಿಗೆ ಏಳಲಿಲ್ಲ. ಕಣ್ಣೀರು ಮಾತ್ರ ಹರಿಯಿತು. ಆ ಮನೆಯ ಗೃಹಿಣಿ ತಾನಾಗಿಯೇ ಅರಿತು ಒಂದು ಸಜ್ಜೆಯ ರೊಟ್ಟಿಯನ್ನು ಕೊಟ್ಟಳು. ರೊಟ್ಟಿ ತಂದರೂ ತಾಯಿಗೆ ಅದನ್ನು ತಿನ್ನುವ ಶಕ್ತಿ ಉಳಿದಿರಲಿಲ್ಲ. ತಾಯಿ ತೀರಿಕೊಂಡಾಗ ಹೆಣ ಹೊರಲು ಸಾಕಷ್ಟು ಜನ ದೊರೆಯದೆ, ಅಣ್ಣ ಶ್ರೀನಿವಾಸನೊಡನೆ ರಮಾಬಾಯಿಯೂ ಚಟ್ಟಕ್ಕೆ ಹೆಗಲು ಕೊಡಬೇಕಾಯಿತು. ಎತ್ತರ ಸಾಲದ ಕಾರಣ ಅವರು ಅದನ್ನು ತಲೆಯ ಮೇಲೆ ಹೊತ್ತರು. ಹಸಿವು ಎಷ್ಟು ನೋಯಿಸುತ್ತದೆಯೋ, ಕೈಯೊಡ್ಡಿ ನಿಲ್ಲುವುದೂ ಅಷ್ಟೇ ನೋಯಿಸುತ್ತದೆ ಎಂಬುದನ್ನು ಅವರು ಹೀಗೆ ಅನುಭವದಿಂದಲೇ ತಿಳಿದರು.

ಅಣ್ಣ ತಂಗಿಯರು ಉತ್ತರ ಭಾರತವನ್ನೆಲ್ಲ ನಡೆದು 1878ರಲ್ಲಿ ಕಲ್ಕತ್ತೆ ಸೇರಿದರು. ಇಪ್ಪತ್ತು ವರ್ಷದ ತರುಣಿಯ ಸಂಸ್ಕೃತ ಪಾಂಡಿತ್ಯಕ್ಕೆ ಬೆರಗಾದ ಅಲ್ಲಿನ ವಿದ್ವಾಂಸರು ‘ಪಂಡಿತಾ’, ‘ಸರಸ್ವತೀ’ ಎಂಬ ಬಿರುದುಗಳನ್ನಿತ್ತು ಗೌರವಿಸಿದರು. ಆದರೆ ದುಃಖ ಅವರನ್ನು ಬಿಡಲಿಲ್ಲ. 1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ಬಂಗಾಳದ ವಕೀಲ ಬಿಪಿನ್ ಬಿಹಾರಿ ದಾಸರನ್ನು ವಿವಾಹವಾದರು. 1882ರಲ್ಲಿ ಕಾಲರಾ ಬೇನೆ ಪತಿಯನ್ನೂ ಒಯ್ದಿತು. ಮಡಿಲಲ್ಲಿ ಮನೋರಮೆಯೆಂಬ ಪುಟ್ಟ ಮಗಳು ಮಾತ್ರ ಉಳಿದಳು. 1883ರಲ್ಲಿ ಇಂಗ್ಲೆಂಡಿಗೆ ತೆರಳಿದ ರಮಾಬಾಯಿ ಅಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದರು. ಅಲ್ಲಿಂದ ಅಮೆರಿಕಕ್ಕೆ ಹೋಗಿ, ಭಾರತದ ವಿಧವೆಯರ ಸ್ಥಿತಿಯನ್ನು ಕುರಿತು ಊರೂರುಗಳಲ್ಲಿ ಭಾಷಣ ಮಾಡಿ, ಗ್ರಂಥ ರಚಿಸಿ, ಶಾಲೆಯೊಂದಕ್ಕೆ ನೆರವನ್ನು ಕೂಡಿಸಿದರು. ಆ ನೆರವಿನಿಂದ 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ಆರಂಭವಾಯಿತು. ಮರುವರ್ಷ ಅದು ಪುಣೆಗೆ ಬಂದಿತು.

1896ರಲ್ಲಿ ಮಧ್ಯಪ್ರಾಂತಗಳಲ್ಲಿ ಭೀಕರ ಬರ ತಲೆದೋರಿತು. ಸುದ್ದಿ ತಿಳಿದ ರಮಾಬಾಯಿ ಸ್ವತಃ ಅಲ್ಲಿಗೆ ಹೊರಟರು. ಗಂಜಿಕೇಂದ್ರಗಳಲ್ಲಿ, ಮರದಡಿಯಲ್ಲಿ, ದಾರಿಬದಿಯಲ್ಲಿ ಎಲುಬಿನ ಗೂಡುಗಳಂತೆ ಕುಳಿತಿದ್ದ ಹುಡುಗಿಯರನ್ನು ಕಂಡರು. ಅಂಥ ಮಕ್ಕಳನ್ನು ಅಪಹರಿಸಿ ಮಾರಲು ದುರುಳರು ಹೊಂಚುಹಾಕುತ್ತಿದ್ದರು. ರಮಾಬಾಯಿ ಸುಮಾರು 300 ಮಂದಿಯನ್ನು ತಮ್ಮೊಡನೆ ಕರೆತಂದರು. ಆಗ ಪುಣೆಯಲ್ಲಿ ಪ್ಲೇಗು ಹಬ್ಬಿದ್ದುದರಿಂದ ಇಷ್ಟು ಜನರನ್ನು ನಗರದೊಳಗೆ ಇರಿಸಿಕೊಳ್ಳಲು ಸಾಧ್ಯವಾಗಲಿಲ್ಲ. ಹಣ್ಣಿನ ತೋಟ ಬೆಳೆಸಿ ಶಾಲೆಗೆ ಆದಾಯ ಮಾಡಿಕೊಳ್ಳಬೇಕೆಂದು ಮೊದಲೇ ಕೊಂಡಿದ್ದ ಕೇಡಗಾಂವದ ಭೂಮಿಯೇ ಗತಿಯಾಯಿತು. ಗುಡಾರಗಳಲ್ಲಿ, ಗುಡಿಸಲುಗಳಲ್ಲಿ ಅಲ್ಲಿನ ಬಾಳು ಮೊದಲಾಯಿತು. 1898ರಲ್ಲಿ ಕಟ್ಟಡಗಳು ಸಿದ್ಧವಾದವು. 1900ರ ಹೊತ್ತಿಗೆ ಗುಜರಾತಿನ ಬರದಿಂದ ಪಾರಾದವರೂ ಬಂದು ಸೇರಿ, ನಿವಾಸಿಗಳ ಸಂಖ್ಯೆ 1900ರ ಹತ್ತಿರಕ್ಕೆ ಮುಟ್ಟಿತು.

ಬಂದ ಮಕ್ಕಳನ್ನು ಮನುಷ್ಯರನ್ನಾಗಿ ನಿಲ್ಲಿಸುವುದು ಸುಲಭದ ಕೆಲಸವಾಗಿರಲಿಲ್ಲ. ಹಲವರ ಮೈಯೆಲ್ಲ ಹುಣ್ಣು, ತಲೆಯಲ್ಲಿ ಹೇನು. ಹಸಿವಿನಲ್ಲಿ ಬೆಳೆದ ಮಕ್ಕಳಿಗೆ ನಾಳೆಯೂ ಊಟ ಸಿಗುವುದೆಂಬ ನಂಬಿಕೆಯೇ ಇರಲಿಲ್ಲ. ಜಗಳ, ಕಿತ್ತಾಟ, ಹಟ ಎಲ್ಲವೂ ಇದ್ದವು. ಎಷ್ಟೇ ಆರೈಕೆ ಮಾಡಿದರೂ ಕೆಲವರು ಬದುಕಿ ಉಳಿಯಲಿಲ್ಲ. ಸಂಸ್ಥೆಯ ಹಿರಿಯ ಹುಡುಗಿಯರು ಈ ಸಂದರ್ಭದಲ್ಲಿ ದೊಡ್ಡ ಹೊಣೆ ಹೊತ್ತರು. ನಿನ್ನೆ ತಾವೇ ಅನಾಥರಾಗಿ ಬಂದಿದ್ದವರು ಇಂದು ಕಿರಿಯರಿಗೆ ಸ್ನಾನ ಮಾಡಿಸಿ, ತಲೆ ಬಾಚಿ, ಹುಣ್ಣಿಗೆ ಮದ್ದು ಹಚ್ಚಿ, ಕಾಯಿಲೆಯವರ ಮಗ್ಗುಲಲ್ಲಿ ಕುಳಿತು ರಾತ್ರಿ ಕಳೆದರು. ತಾಯಿಯಿಲ್ಲದ ಮಕ್ಕಳಿಗೆ ಅಕ್ಕಂದಿರು ದೊರೆತರು. ಯಾರಿಗೂ ಬೇಡವೆನಿಸಿದ್ದ ಆ ಅಕ್ಕಂದಿರಿಗೆ ತಮ್ಮಿಂದಲೂ ಒಬ್ಬರಿಗೆ ಉಪಯೋಗವುಂಟೆಂಬ ಧೈರ್ಯ ದೊರೆಯಿತು.

ಸದನದ ದಿನಚರಿಯಲ್ಲಿ ಪ್ರಾರ್ಥನೆ, ಪಾಠ, ದುಡಿಮೆ ಈ ಮೂರೂ ಹೆಣೆದುಕೊಂಡಿದ್ದವು. ಪ್ರಾರ್ಥನೆಗೆ ನೆಲದ ಮೇಲೆಯೇ ಸಾಲಾಗಿ ಕುಳಿತುಕೊಳ್ಳುವುದು ರೂಢಿ. ಬೇರೆ ಬೇರೆ ಜಾತಿಗಳ, ಬೇರೆ ಬೇರೆ ಪ್ರಾಂತಗಳ ಮಕ್ಕಳು ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರು. ಅಂದಿನ ದಿನಗಳಲ್ಲಿ ಇದು ಸಾಮಾನ್ಯ ಸಂಗತಿಯಲ್ಲ. ಅಕ್ಷರ ಕಂಡರಿಯದವರು ಬರೆಯಲು, ಓದಲು, ಲೆಕ್ಕ ಮಾಡಲು ಕಲಿತರು. ಜಾಣೆಯರು ಮುಂದಿನ ತರಗತಿಗಳಿಗೆ ಹೋದರು. ಕೆಲವರು ಶಿಕ್ಷಕಿಯರಾಗಿ ತಮ್ಮ ಶಾಲೆಯಲ್ಲಿಯೇ ಪಾಠ ಹೇಳಿದರು. ಮತ್ತೆ ಕೆಲವರು ದಾದಿಯರ ಕೆಲಸವನ್ನು ಅಭ್ಯಾಸ ಮಾಡಿದರು.

ಪಾಠದಷ್ಟೇ ಪ್ರಾಮುಖ್ಯ ದುಡಿಮೆಗೂ ಇತ್ತು. ಬಾವಿಗಳನ್ನು ತೋಡಿಸಿ ಒಣನೆಲಕ್ಕೆ ನೀರು ಹಾಯಿಸಿದ್ದರು. ಮಾವು, ಕಿತ್ತಳೆ, ನಿಂಬೆಯ ಗಿಡಗಳು ಚಿಗುರಿದವು. ಧಾನ್ಯ, ತರಕಾರಿಗಳು ಬೆಳೆದವು. ಒಂದೆಡೆ ಮಗ್ಗಗಳ ಲಾಳಿ ಓಡಿದರೆ ಇನ್ನೊಂದೆಡೆ ಗಾಣ ತಿರುಗುತ್ತಿತ್ತು. ಹೈನು, ಹೊಲಿಗೆ, ಬಟ್ಟೆ ಒಗೆತ, ಬುಟ್ಟಿ ಹೆಣಿಗೆ, ಅಡಿಗೆ ಎಲ್ಲವನ್ನೂ ಹುಡುಗಿಯರೇ ನಡೆಸಿದರು. ಉಟ್ಟ ಸೀರೆಯನ್ನು ನೇಯ್ದವರು ತಾವೇ. ಉಂಡ ಕಾಯಿಪಲ್ಲೆಗೆ ನೀರೆರೆದವರೂ ತಾವೇ. ಮುದ್ರಣಾಲಯದಲ್ಲಿ ಅಚ್ಚಿನ ಮೊಳೆಗಳನ್ನು ಜೋಡಿಸುವುದನ್ನೂ ಪುಸ್ತಕ ಮುದ್ರಿಸುವುದನ್ನೂ ಅವರು ಕಲಿತರು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯ ಅರ್ಥ ಅಲ್ಲಿ ಪ್ರತಿದಿನ ಕಣ್ಣಿಗೆ ಕಾಣುತ್ತಿತ್ತು. ಸಂಸ್ಥೆಗೆ ದೇಶವಿದೇಶಗಳಿಂದ ದಾನ ಬರುತ್ತಿತ್ತು, ನಿಜ. ಆದರೆ ದಾನದ ಅನ್ನವನ್ನು ಉಣ್ಣುವುದೊಂದೇ ಮಕ್ಕಳ ಪಾಲಿಗೆ ಉಳಿಯಬಾರದು ಎಂಬುದು ರಮಾಬಾಯಿಯವರ ದೃಢ ನಿಲುವಾಗಿತ್ತು. ಹೆಣ್ಣು ತನ್ನ ಕಾಲ ಮೇಲೆ ತಾನು ನಿಂತರೆ ಮಾತ್ರ ಆಕೆಗೆ ನಿಜವಾದ ಬಿಡುಗಡೆ ಎಂದು ಅವರು ತಿಳಿದಿದ್ದರು.

ಒಬ್ಬೊಬ್ಬರ ಕಷ್ಟಕ್ಕೆ ಒಂದೊಂದು ಬಗೆಯ ಆಸರೆ ಬೇಕೆಂಬುದನ್ನೂ ಅವರು ಬಲ್ಲವರಾಗಿದ್ದರು. ಮೋಸಹೋಗಿ ಸಮಾಜದ ತಿರಸ್ಕಾರಕ್ಕೆ ಗುರಿಯಾದ ಹೆಂಗಸರಿಗೆ ಕೃಪಾ ಸದನ, ವೃದ್ಧೆಯರಿಗೂ ದುರ್ಬಲರಿಗೂ ಪ್ರೀತಿ ಸದನ, ಗಂಡುಮಕ್ಕಳಿಗೆ ಸದಾನಂದ ಸದನ ಏರ್ಪಟ್ಟವು. ಕುರುಡು ಹುಡುಗಿಯರಿಗೂ ಪ್ರತ್ಯೇಕ ವ್ಯವಸ್ಥೆಯಿತ್ತು. ರಮಾಬಾಯಿಯವರ ಮಗಳು ಮನೋರಮಾಬಾಯಿ ಅವರಿಗೆ ಬ್ರೈಲ್ ಲಿಪಿಯನ್ನು ಕಲಿಸಲು ಶ್ರಮಿಸಿದರು. ಉಬ್ಬಿದ ಚುಕ್ಕೆಗಳ ಮೇಲೆ ಬೆರಳಾಡಿಸಿ ಅವರು ಓದಿದರು, ಬುಟ್ಟಿ ಹೆಣೆದರು. ಕಣ್ಣಿಲ್ಲದವಳು ಮನೆಗೆ ಹೊರೆ ಎಂಬ ಮಾತು ಅಲ್ಲಿ ಸುಳ್ಳಾಯಿತು.

ಈ ಕಾರ್ಯಕ್ಕೆ ಟೀಕೆಯೂ ಕಡಿಮೆಯಿರಲಿಲ್ಲ. ಶಾರದಾ ಸದನದಲ್ಲಿ ಯಾರ ಧರ್ಮಕ್ಕೂ ಕೈ ಹಾಕುವುದಿಲ್ಲವೆಂದು ರಮಾಬಾಯಿ ಮಾತು ಕೊಟ್ಟಿದ್ದರು. ಆದರೆ ಅವರ ಪ್ರಾರ್ಥನೆಗೆ ಕೆಲವು ವಿದ್ಯಾರ್ಥಿನಿಯರು ಬಂದು ಕುಳಿತುಕೊಳ್ಳತೊಡಗಿದಾಗ ಪುಣೆಯಲ್ಲಿ ಕೋಲಾಹಲವೆದ್ದಿತು. ತಿಲಕರ ‘ಕೇಸರಿ’ ಪತ್ರಿಕೆ ಕಟುವಾಗಿ ಖಂಡಿಸಿತು. 1893ರಲ್ಲಿ ರಾನಡೆ, ಭಂಡಾರಕರರಂಥ ಹಿತೈಷಿಗಳೇ ಸಲಹಾ ಮಂಡಲಿಯಿಂದ ಹೊರಬಂದರು. ಅನೇಕ ಪಾಲಕರು ಮಕ್ಕಳನ್ನು ಹಿಂದಕ್ಕೆ ಕರೆದುಕೊಂಡರು. ಮುಕ್ತಿ ಸದನವಂತೂ ಬಹಿರಂಗವಾಗಿಯೇ ಕ್ರೈಸ್ತ ಸಂಸ್ಥೆಯಾಗಿತ್ತು. ಹಸಿದ ಮಗುವಿಗೆ ಅನ್ನದೊಡನೆ ಹೊಸ ಮತವನ್ನೂ ಕೊಡುವುದು ಸರಿಯೇ ಎಂದು ಕೇಳಿದವರಿದ್ದರು. ಆ ಪ್ರಶ್ನೆ ಅಲಕ್ಷ್ಯಕ್ಕೆ ಅರ್ಹವಾದುದಲ್ಲ. ಅದರೊಡನೆ ಇನ್ನೊಂದು ಪ್ರಶ್ನೆಯೂ ಏಳುತ್ತದೆ: ದಾರಿಬದಿಯಲ್ಲಿ ಸಾಯುತ್ತಿದ್ದ ಆ ಮಕ್ಕಳನ್ನು ಎತ್ತಿಕೊಳ್ಳಲು ಅಂದು ಎಷ್ಟು ಮಂದಿ ಮುಂದೆ ಬಂದರು? ಈ ಎರಡನೆಯ ಪ್ರಶ್ನೆ ಸಮಾಜದ ಕಣ್ಣು ತೆರೆಸಿತು. ಶಾರದಾ ಸದನದಲ್ಲಿ ಕಲಿತ ಗೋದೂಬಾಯಿ ಎಂಬ ವಿಧವೆಯನ್ನು ಧೋಂಡೋ ಕೇಶವ ಕರ್ವೆಯವರು 1893ರಲ್ಲಿ ಮದುವೆಯಾದರು. ಮುಂದೆ ಕರ್ವೆಯವರೇ ಹಿಂದೂ ವಿಧವೆಯರಿಗಾಗಿ ಆಶ್ರಮವನ್ನು ತೆರೆದು, 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನೂ ಸ್ಥಾಪಿಸಿದರು.

ರಮಾಬಾಯಿಯವರ ಸ್ವಂತ ಜೀವನ ತೀರ ಸರಳ. ಬಿಳಿಯ ಸೀರೆ ಉಟ್ಟು, ಕೊನೆಯವರೆಗೂ ಸಸ್ಯಾಹಾರವನ್ನೇ ಅನುಸರಿಸಿದರು. ಮತ ಬದಲಾದರೂ ಉಡಿಗೆ, ಊಟ, ನುಡಿಗಳಲ್ಲಿ ಅವರು ಈ ನೆಲದವರಾಗಿಯೇ ಉಳಿದರು. ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು, 15 ವರ್ಷಗಳಿಗೂ ಹೆಚ್ಚು ಕಾಲ ದುಡಿದು, ಸಾಮಾನ್ಯ ಹೆಂಗಸರಿಗೂ ತಿಳಿಯುವಂಥ ಸುಲಭ ಮರಾಠಿಯಲ್ಲಿ ಬೈಬಲನ್ನು ಅನುವಾದಿಸಿದರು. 1919ರಲ್ಲಿ ಸರ್ಕಾರ ಅವರಿಗೆ ಕೈಸರ್-ಇ-ಹಿಂದ್ ಪದಕವನ್ನಿತ್ತಿತು. ಕನ್ನಡ ನಾಡಿನ ನಂಟೂ ಪೂರ್ತಿ ಕಡಿಯಲಿಲ್ಲ. ಅಂದು ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿಯಲ್ಲಿ 1910ರ ದಶಕದಲ್ಲಿ ಅವರು ಮಗಳ ನೆರವಿನಿಂದ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದರು. ತಾಯಿಯ ಬಲಗೈಯಂತಿದ್ದ ಮನೋರಮಾಬಾಯಿ 1921ರಲ್ಲಿ ತೀರಿಕೊಂಡರು. ಮರುವರ್ಷ, 1922ರ ಏಪ್ರಿಲ್ 5ರಂದು, ರಮಾಬಾಯಿಯವರೂ ಕಣ್ಮುಚ್ಚಿದರು. 1989ರಲ್ಲಿ ಭಾರತ ಸರ್ಕಾರ ಅವರ ನೆನಪಿಗೆ ಅಂಚೆಚೀಟಿಯನ್ನು ಹೊರಡಿಸಿತು.

ಕೇಡಗಾಂವದಲ್ಲಿ ಅವರು ಆರಂಭಿಸಿದ ಕೆಲಸ ಇಂದಿಗೂ ನಡೆಯುತ್ತಿದೆ. ಅಲ್ಲಿ ದಿಕ್ಕಿಲ್ಲದ ಮಕ್ಕಳಿಗೂ ಹೆಂಗಸರಿಗೂ ಈಗಲೂ ಆಶ್ರಯವಿದೆ. ಅನಾಥ ಮಗುವಿಗೆ ಒಂದು ಹೊತ್ತಿನ ಊಟವನ್ನು ನೀಡುವವರು ಎಲ್ಲ ಕಾಲದಲ್ಲಿಯೂ ಸಿಗುತ್ತಾರೆ. ಆ ಮಗುವಿನ ಕೈಗೆ ಪುಸ್ತಕವನ್ನೂ ಕೆಲಸವನ್ನೂ ಕೊಟ್ಟು, ಅದರ ಮಡಿಲಿಗೆ ತನಗಿಂತ ಕಿರಿಯಳೊಬ್ಬಳ ಹೊಣೆಯನ್ನು ಹಾಕಿ, ಮುಂದೆಂದೂ ಪರರ ಬಾಗಿಲಲ್ಲಿ ಮೂಕವಾಗಿ ನಿಲ್ಲದಂತೆ ಬೆಳೆಸುವವರು ವಿರಳ. ಪಂಡಿತಾ ರಮಾಬಾಯಿ ಅಂಥ ವಿರಳರಲ್ಲಿ ಒಬ್ಬರು.