ನಿಷ್ಠೆ ಮತ್ತು ಅವಧಾನ: ಕಠಿಣ ಪಥ್ಯವು ಏಕೆ ಬಹುಕಾಲ ನಿಲ್ಲದು?

ಶರಣರ ಪಥದಲ್ಲಿ ಅನ್ನಕ್ಕೆ ಇರುವ ಸ್ಥಾನವು ಸಾಮಾನ್ಯವಾದುದಲ್ಲ. ಲಿಂಗಕ್ಕೆ ಅರ್ಪಿತವಾದ ಪದಾರ್ಥವು ಪ್ರಸಾದವೆನಿಸಿ, ಅಷ್ಟಾವರಣಗಳಲ್ಲಿ ಒಂದಾಗಿ ನಿಂತಿದೆ. ದೇಹವನ್ನು ವೃಥಾ ದಂಡಿಸುವುದನ್ನು ಶರಣರು ಮೆಚ್ಚಲಿಲ್ಲ. ನಾಲಗೆಯ ಇಚ್ಛೆಗೆ ದೇಹವನ್ನು ಒಪ್ಪಿಸಿಬಿಡುವುದನ್ನೂ ಮೆಚ್ಚಲಿಲ್ಲ. ಈ ಎರಡರ ನಡುವಣ ದಾರಿ ಯಾವುದು? ಈ ಪ್ರಶ್ನೆಯು ಇಂದು ಮಠದ ಪಡಸಾಲೆಯಲ್ಲಿ ಮಾತ್ರವಲ್ಲ, ಪ್ರತಿಯೊಂದು ಮನೆಯ ಅಡುಗೆಯ ಕೋಣೆಯಲ್ಲಿಯೂ ಎದ್ದುನಿಂತಿದೆ.

ಅದಕ್ಕೆ ಕಾರಣವೂ ಉಂಟು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸಕ್ಕರೆಯ ರೋಗವುಳ್ಳವರು ಸುಮಾರು ೧೦ ಕೋಟಿ. ಆ ರೋಗದ ಹೊಸ್ತಿಲಲ್ಲಿ ನಿಂತವರು ೧೩ ಕೋಟಿಗೂ ಹೆಚ್ಚು. ಇದು ಪಟ್ಟಣದ ಶ್ರೀಮಂತರ ರೋಗವೆಂಬ ಮಾತು ಈಗ ಸಲ್ಲದು. ಹಾವೇರಿಯ ಸೀಮೆಯಲ್ಲಿ ನೇಗಿಲಿನ ಹಿಂದೆ ದಿನವಿಡೀ ನಡೆದ ಅಜ್ಜನು ನಾಲ್ಕು ಜೋಳದ ರೊಟ್ಟಿ ತಿಂದು ಅರಗಿಸಿಕೊಂಡನು. ಮೊಮ್ಮಗನು ರಾಣೇಬೆನ್ನೂರಿನಲ್ಲಿ ಬೀಜದ ಅಂಗಡಿಯನ್ನೋ, ಬ್ಯಾಡಗಿಯ ಪೇಟೆಯಲ್ಲಿ ದಲಾಲಿ ಅಂಗಡಿಯನ್ನೋ ಇಟ್ಟುಕೊಂಡು ಗಾದಿಯ ಮೇಲೆ ಕುಳಿತಿರುವನು. ಹೊಲದಲ್ಲಿ ಜೋಳದ ಎಡೆಯನ್ನು ಮೆಕ್ಕೆಜೋಳವೂ ಹತ್ತಿಯೂ ಹಿಡಿದಿವೆ. ತಟ್ಟೆಯಲ್ಲಿ ರೊಟ್ಟಿಯ ಎಡೆಯನ್ನು ಬಿಳಿಯ ಅಕ್ಕಿಯ ಅನ್ನವು ಹಿಡಿದಿದೆ. ಕಾಯಕದ ರೀತಿ ಬದಲಾಯಿತು, ಊಟದ ಪ್ರಮಾಣ ಬದಲಾಗಲಿಲ್ಲ. ರೋಗವು ಈ ಅಂತರದಲ್ಲಿ ಬಂದು ನೆಲೆಸಿತು.

ರೋಗದ ಭಯ ಹುಟ್ಟಿದೊಡನೆ ಗೃಹಸ್ಥನು ಮಾಡುವ ಮೊದಲನೆಯ ಕೆಲಸವೇನು? ಎಲ್ಲಿಂದಲೋ ಒಂದು ಪಥ್ಯದ ಪಟ್ಟಿಯನ್ನು ತರುವನು. ಅದರಲ್ಲಿ ಮುಂಜಾನೆ ಏಳು ಗಂಟೆಗೆ ಇಂತಿಷ್ಟು, ಮಧ್ಯಾಹ್ನ ಇಂತಿಷ್ಟು, ಅನ್ನ ವರ್ಜ್ಯ, ಬೆಲ್ಲ ವರ್ಜ್ಯ, ಎಣ್ಣೆ ವರ್ಜ್ಯವೆಂದು ಬರೆದಿರುವುದು. ಮೊದಲನೆಯ ವಾರ ಉತ್ಸಾಹ. ಮೊದಲನೆಯ ತಿಂಗಳು ಹೆಮ್ಮೆ. ಮೂರನೆಯ ತಿಂಗಳಿಗೆ ಬೇಸರ. ನಾಗರಪಂಚಮಿಯ ಉಂಡಿಯೋ, ಬೀಗರ ಮನೆಯ ಹೋಳಿಗೆಯೋ ಎದುರಾದಾಗ ವ್ರತವು ಭಂಗವಾಗುವುದು. ವರ್ಷ ತಿರುಗುವಷ್ಟರಲ್ಲಿ ಇಳಿದ ತೂಕವು ಮರಳಿ ಬಂದಿರುವುದು, ಎಷ್ಟೋ ವೇಳೆ ಮೊದಲಿಗಿಂತ ಹೆಚ್ಚಾಗಿಯೇ. ಆಗ ಆತನು “ನನಗೆ ಮನೋಬಲವಿಲ್ಲ” ಎಂದು ತನ್ನನ್ನು ತಾನೇ ಹಳಿದುಕೊಳ್ಳುವನು. ದೋಷವು ನಿಜವಾಗಿ ಆತನದೇ, ಅಥವಾ ಆ ಪಥ್ಯದ ಕಟ್ಟಿನದೇ ಎಂಬುದನ್ನು ಇಲ್ಲಿ ವಿಚಾರಿಸೋಣ.

೧. ದೇಹದ ಧರ್ಮ

ಎರಡನೆಯ ಮಹಾಯುದ್ಧದ ಕೊನೆಯ ವೇಳೆಗೆ, ೧೯೪೪–೪೫ರಲ್ಲಿ, ಅಮೆರಿಕೆಯ ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿಯು ಒಂದು ಪರೀಕ್ಷೆ ನಡೆಸಿದನು. ಆರೋಗ್ಯವಂತರಾದ ೩೬ ಮಂದಿ ತರುಣರು ತಾವಾಗಿಯೇ ಅದಕ್ಕೆ ಒಪ್ಪಿ ಬಂದಿದ್ದರು. ೨೪ ವಾರಗಳ ಕಾಲ ಅವರಿಗೆ ಸುಮಾರು ಅರ್ಧಹೊಟ್ಟೆಯ ಊಟವನ್ನು ಕೊಡಲಾಯಿತು. ಅವರ ದೇಹತೂಕದಲ್ಲಿ ಕಾಲುಭಾಗದಷ್ಟು ಇಳಿಯಿತು. ಆದರೆ ಗಮನಿಸಬೇಕಾದುದು ಬೇರೊಂದಿದೆ. ಅವರ ಮನಸ್ಸು ಬೇರೆಲ್ಲ ವಿಷಯಗಳನ್ನು ಬಿಟ್ಟು ಊಟದ ಮೇಲೆಯೇ ನೆಟ್ಟುನಿಂತಿತು. ಅಡುಗೆಯ ಪುಸ್ತಕಗಳನ್ನು ಕೂಡಿಸಿ ಓದತೊಡಗಿದವರಿದ್ದರು. ಪರೀಕ್ಷೆ ಮುಗಿದು ಬೇಕಾದಷ್ಟು ಉಣ್ಣಲು ಅವಕಾಶ ದೊರೆತಾಗ, ಹೊಟ್ಟೆ ತುಂಬಿದರೂ ಹಸಿವು ತೀರದವರಿದ್ದರು. ಅವರೇನು ಮನೋಬಲವಿಲ್ಲದವರೇ? ತಮ್ಮ ತತ್ತ್ವಕ್ಕಾಗಿ ಯುದ್ಧದಲ್ಲಿ ಆಯುಧ ಹಿಡಿಯಲೊಲ್ಲೆವೆಂದು ನಿಂತ ದೃಢಚಿತ್ತರು! ಅಂಥವರನ್ನೂ ಹಸಿವು ಹೀಗೆ ಆಳಿತು.

ದೇಹಕ್ಕೆ ಪಥ್ಯವೂ ಬರಗಾಲವೂ ಬೇರೆಯೆಂದು ತಿಳಿಯದು. ಊಟವು ತೀರ ಕಡಿಮೆಯಾದೊಡನೆ ಅದು ಬರವೇ ಬಂದಿತೆಂದು ಬಗೆದು, ಖರ್ಚನ್ನು ಕಡಿಮೆ ಮಾಡಿ, ಹಸಿವನ್ನು ಹೆಚ್ಚಿಸುತ್ತದೆ. ಕೊಬ್ಬಿನ ಸಂಗ್ರಹವನ್ನು ಮಿದುಳಿಗೆ ತಿಳಿಸುವ ಲೆಪ್ಟಿನ್ ಎಂಬ ರಸವನ್ನು ವಿಜ್ಞಾನಿಗಳು ೧೯೯೪ರಲ್ಲಿ ಕಂಡುಹಿಡಿದರು; ಹಸಿವನ್ನು ಎಬ್ಬಿಸುವ ಘ್ರೆಲಿನ್ ಎಂಬುದನ್ನು ೧೯೯೯ರಲ್ಲಿ ಅರಿತರು. ೨೦೧೧ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಅಧ್ಯಯನವೊಂದರಲ್ಲಿ, ಹತ್ತು ವಾರಗಳ ಕಠಿಣ ಪಥ್ಯದಿಂದ ತೂಕವಿಳಿಸಿಕೊಂಡವರ ದೇಹದಲ್ಲಿ ಒಂದು ವರ್ಷದ ತರುವಾಯವೂ ಈ ಹಸಿವಿನ ಕರೆ ಏರಿದ ಮಟ್ಟದಲ್ಲಿಯೇ ಇದ್ದುದು ಕಂಡುಬಂದಿತು. ಪಥ್ಯವು ಹತ್ತು ವಾರದ್ದು, ದೇಹದ ನೆನಪು ವರ್ಷದ್ದು! ಇಂಥ ಎದುರಾಳಿಯೊಡನೆ ಬರಿಯ ಹಠದಿಂದ ಕಾದಾಡುವವನು ಸೋತರೆ ಆಶ್ಚರ್ಯವೇನು?

೨. ಮನಸ್ಸಿನ ಧರ್ಮ

ಪಟ್ಟಿಯ ಪಥ್ಯಕ್ಕೆ ಎರಡೇ ಸ್ಥಿತಿ: ಪಾಲಿಸಿದುದು, ಮುರಿದುದು. ಒಂದು ಉಂಡಿಯನ್ನು ತಿಂದವನು “ಹೇಗೂ ಇಂದಿನ ನೇಮ ಕೆಟ್ಟಿತು” ಎಂದುಕೊಂಡು ಇನ್ನೂ ನಾಲ್ಕನ್ನು ತಿನ್ನುವನು. “ನಾಳೆಯಿಂದ ಹೊಸದಾಗಿ ಆರಂಭಿಸುವೆ” ಎಂದು ಮನಸ್ಸಿಗೆ ಸಮಾಧಾನ ಹೇಳುವನು. ಒಂದು ಉಂಡಿಯಿಂದ ದೇಹಕ್ಕೆ ಆಗುವ ಹಾನಿ ಅಲ್ಪ. ಅದರ ಹಿಂದೆ ಬರುವ ನಿರಾಶೆಯಿಂದ ಆಗುವ ಹಾನಿ ಬಹಳ. ಮೇಲಾಗಿ, ನಿಷೇಧಿಸಿದ ಪದಾರ್ಥವು ಮನಸ್ಸಿನಲ್ಲಿ ದೊಡ್ಡದಾಗಿ ಬೆಳೆಯುವುದು ಲೋಕದ ಅನುಭವ. ಬಾಯಿಯಿಂದ ಬಿಟ್ಟುದನ್ನು ಮನಸ್ಸಿನಿಂದ ದಿನವೆಲ್ಲ ಉಣ್ಣುತ್ತಿರುವವನು ಅದನ್ನು ಬಿಟ್ಟಂತಾಯಿತೇ?

ಬ್ಯಾಡಗಿಯ ಮೆಣಸಿನಕಾಯಿಗೆ ೨೦೧೧ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಬಣ್ಣ ಗಾಢ, ಖಾರ ಮಿತ. ಅದರ ಹಿರಿಮೆಯೇ ಅದು. ಆದರೆ ವ್ರತಕ್ಕೆ ಆ ಲಕ್ಷಣವು ಒಪ್ಪದು. ನಾಲ್ವರ ಕಣ್ಣಿಗೆ ಬಣ್ಣವು ಹೆಚ್ಚಾಗಿ, ಒಳಗೆ ಸತ್ವವು ಕಡಿಮೆಯಾದ ನೇಮವು ಮೊದಲನೆಯ ಹಬ್ಬದಲ್ಲಿಯೇ ಮಾಸಿಹೋಗುವುದು.

೩. ಮನೆಯ ಧರ್ಮ

ಮೂರನೆಯ ಕಾರಣವನ್ನು ಪಟ್ಟಿ ಬರೆಯುವವರು ಎಣಿಸುವುದೇ ಇಲ್ಲ. ಗೃಹಸ್ಥನು ಒಬ್ಬನೇ ಉಣ್ಣುವವನಲ್ಲ. ಆತನ ಪಥ್ಯಕ್ಕಾಗಿ ಮನೆಯಲ್ಲಿ ಎರಡನೆಯ ಅಡುಗೆ ನಡೆಯಬೇಕು. ಅದನ್ನು ಮಾಡುವವರು ಯಾರು? ಮುಂಜಾನೆ ರೊಟ್ಟಿ ಬಡಿದು, ಮಕ್ಕಳನ್ನು ಶಾಲೆಗೆ ಕಳುಹಿಸಿ, ಸುಗ್ಗಿಯ ದಿನಗಳಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಹೋಗಿ ಬರುವ ತಾಯಿಯೇ. ಎಲ್ಲರಿಗೂ ಬಡಿಸಿ ಕೊನೆಗೆ ಕುಳಿತುಕೊಳ್ಳುವ ಆಕೆಯ ಪಾಲಿಗೆ ಪಥ್ಯದ ಪಟ್ಟಿಯೇ ಇಲ್ಲ. ಉಳಿದುದು ಹಾಳಾಗಬಾರದೆಂದು ಹಸಿವಿಲ್ಲದಿದ್ದರೂ ಉಣ್ಣುವಳು; ಉಳಿಯದಿದ್ದರೆ ಹಸಿವಿದ್ದರೂ ಸುಮ್ಮನಿರುವಳು. ಒಬ್ಬನ ನಿಯಮವು ಇನ್ನೊಬ್ಬರ ಭಾರದ ಮೇಲೆ ನಿಂತಿದ್ದರೆ, ಆ ಭಾರ ಹೊತ್ತ ಹೆಗಲು ದಣಿದ ದಿನ ನಿಯಮವೂ ಕುಸಿಯುವುದು.

ಈ ಮೂರು ಕಾರಣಗಳನ್ನು ಮನಗಂಡ ಮೇಲೆ ಶರಣರ ಷಟ್‌ಸ್ಥಲದ ಕ್ರಮವನ್ನು ನೆನೆಯುವುದು ಉಚಿತ. ಭಕ್ತಸ್ಥಲಕ್ಕೆ ಶ್ರದ್ಧೆ, ಮಹೇಶಸ್ಥಲಕ್ಕೆ ನಿಷ್ಠೆ, ಪ್ರಸಾದಿಸ್ಥಲಕ್ಕೆ ಅವಧಾನ ಎಂದು ಭಕ್ತಿಯ ಭೇದಗಳನ್ನು ಹೇಳಿದ್ದಾರೆ. ನಿಷ್ಠೆಯು ಬೇಕು, ಅದಿಲ್ಲದೆ ಯಾವ ಸಾಧನೆಯೂ ಆರಂಭವಾಗದು. ಆದರೆ ಅನ್ನದ ವಿಷಯವು ಬರುವುದು ಪ್ರಸಾದಿಯ ಸ್ಥಲದಲ್ಲಿ. ಅಲ್ಲಿ ಹೇಳಿದುದು ಅವಧಾನವನ್ನು. ಅವಧಾನವೆಂದರೆ ಎಚ್ಚರ: ಏನನ್ನು ಉಣ್ಣುತ್ತಿರುವೆ, ಎಷ್ಟನ್ನು ಉಣ್ಣುತ್ತಿರುವೆ, ಯಾರಿಗೆ ಅರ್ಪಿಸಿ ಉಣ್ಣುತ್ತಿರುವೆ, ಯಾರು ಇನ್ನೂ ಉಂಡಿಲ್ಲ ಎಂಬ ಎಚ್ಚರ. ಕಠಿಣ ಪಥ್ಯವು ನಿಷ್ಠೆಯಲ್ಲಿಯೇ ನಿಂತುಬಿಡುವುದು, ಅವಧಾನಕ್ಕೆ ಏರದು. ಪಟ್ಟಿಯು ಎಚ್ಚರದ ಕೆಲಸವನ್ನು ತಾನೇ ಮಾಡುವುದರಿಂದ ಉಣ್ಣುವವನ ಎಚ್ಚರವು ಬೆಳೆಯುವುದಿಲ್ಲ. ಪಟ್ಟಿ ಕಳೆದ ದಿನ ಆತನು ಮೊದಲಿನಂತೆಯೇ ಬರಿಗೈಯವನು.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಶರಣರಲ್ಲಿಯೂ ಕಠಿಣ ವ್ರತಸ್ಥರಿರಲಿಲ್ಲವೇ? ಅಕ್ಕಮ್ಮನ ವಚನಗಳಲ್ಲಿ ವ್ರತಾಚಾರವೇ ಪ್ರಧಾನ ವಿಷಯವಲ್ಲವೇ? ನಿಜ. ಆದರೆ ಆಕೆಯ ವ್ರತವು ಮೂರು ತಿಂಗಳ ಅವಧಿಯದಾಗಿರಲಿಲ್ಲ, ಶರೀರದ ತೂಕಕ್ಕಾಗಿಯೂ ಇರಲಿಲ್ಲ. ಅದು ಆಕೆಯ ಇಡಿಯ ಬಾಳಿನ ನಡೆಯಾಗಿತ್ತು. ಸಮಾನಶೀಲರಾದ ಶರಣರ ಸಂಗವು ಅದರ ಸುತ್ತಲೂ ಇತ್ತು. ಒಳಗಿನ ಶುದ್ಧಿಯಿಲ್ಲದೆ ಹೊರಗಿನ ನೇಮವು ಸಾರ್ಥಕವಾಗದೆಂಬ ಎಚ್ಚರವೂ ಆಕೆಯಲ್ಲಿ ಉಂಟು. ಹೀಗೆ ನೋಡಿದರೆ ಆಕೆಯ ದೃಷ್ಟಾಂತವು ನಮ್ಮ ಮಾತನ್ನು ಬಲಪಡಿಸುವುದೇ ಹೊರತು ಖಂಡಿಸುವುದಿಲ್ಲ. ರಾಣೇಬೆನ್ನೂರು ತಾಲೂಕಿನ ಚೌಡದಾನಪುರವು ಅಂಬಿಗರ ಚೌಡಯ್ಯನ ಊರು. ಅಲ್ಲಿ ತುಂಗಭದ್ರೆಯ ದಡದಲ್ಲಿ ನಿಂತವರಿಗೆ ಒಂದು ಸಂಗತಿ ತಾನಾಗಿ ತೋರುವುದು: ದೋಣಿಯು ಹೊಳೆ ದಾಟಬೇಕಾದರೆ ಭಾರವು ಮಿತದಲ್ಲಿರಬೇಕು, ಹುಟ್ಟಿನ ಎಳೆತವು ಒಂದೇ ಸಮನಾಗಿರಬೇಕು. ಮೊದಲ ಹತ್ತು ಎಳೆತಕ್ಕೆ ತೋಳಿನ ಬಲವನ್ನೆಲ್ಲ ಮುಗಿಸಿಕೊಂಡವನು ನಡುನೀರಿನಲ್ಲಿ ಕೈಸೋಲುವನು.

ಸಮನಾದ ಎಳೆತದ ಫಲವನ್ನು ವಿಜ್ಞಾನವೂ ಕಂಡಿದೆ. ೨೦೦೨ರಲ್ಲಿ ಅಮೆರಿಕೆಯಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ರೋಗದ ಹೊಸ್ತಿಲಲ್ಲಿದ್ದ ಒಂದು ಗುಂಪಿಗೆ ವಾರಕ್ಕೆ ೧೫೦ ನಿಮಿಷಗಳ ನಡಿಗೆಯಂಥ ವ್ಯಾಯಾಮವನ್ನೂ, ದೇಹತೂಕದಲ್ಲಿ ನೂರಕ್ಕೆ ೭ರಷ್ಟು ಇಳಿತವನ್ನೂ ಗುರಿಯಾಗಿ ಕೊಟ್ಟು, ಬೆನ್ನ ಹಿಂದೆ ನಿಂತು ತಿಳಿಹೇಳಲಾಯಿತು. ಅವರಲ್ಲಿ ಸಕ್ಕರೆಯ ರೋಗವು ಉಳಿದವರಿಗಿಂತ ನೂರಕ್ಕೆ ೫೮ರಷ್ಟು ಕಡಿಮೆಯಾಯಿತು. ೨೦೦೬ರಲ್ಲಿ ಪ್ರಕಟವಾದ ಚೆನ್ನೈಯ ಅಧ್ಯಯನದಲ್ಲಿ, ತೂಕವು ಹೆಚ್ಚೇನೂ ಇಳಿಯದಿದ್ದರೂ, ಊಟದ ತಿದ್ದುಪಡಿ ಮತ್ತು ನಡಿಗೆಗಳಿಂದಲೇ ರೋಗದ ಸಂಭವವು ನೂರಕ್ಕೆ ೨೮ರಷ್ಟು ತಗ್ಗಿತು. ಇವು ವೀರವ್ರತಗಳಲ್ಲ, ಪ್ರತಿದಿನ ನಡೆಸಬಹುದಾದ ಸಣ್ಣ ನೇಮಗಳು.

ಹಾಗಾದರೆ ಗೃಹಸ್ಥ ಭಕ್ತರು ಮಾಡಬೇಕಾದುದೇನು? ಕೆಲವು ಸೂಚನೆಗಳನ್ನು ಇಲ್ಲಿ ವಿನಂತಿಸುತ್ತೇವೆ.

ಮೊದಲನೆಯದು: ಪ್ರಸಾದವನ್ನು ತಟ್ಟೆಯಲ್ಲಿ ಬಿಡಬಾರದೆಂಬ ನಿಯಮವು ನಮ್ಮಲ್ಲಿ ರೂಢಿಯಾಗಿದೆ. ಅದರ ಹುರುಳನ್ನು ತಪ್ಪಾಗಿ ತಿಳಿದವರು, ಬಡಿಸಿದುದನ್ನೆಲ್ಲ ಬಲವಂತದಿಂದ ಉಣ್ಣುವರು. ಬಿಡಬಾರದೆಂದರೆ ಬಡಿಸಿಕೊಳ್ಳುವ ಮುನ್ನವೇ ಅಳತೆ ಮಾಡಬೇಕೆಂದು ಅರ್ಥ. ಈ ಅಳತೆಯು ತಟ್ಟೆಗಿಂತ ಮೊದಲು ಪಾತ್ರೆಯಲ್ಲಿ, ಅಂದರೆ ಅಡುಗೆಗೆ ಅಕ್ಕಿ ಹಾಕುವಾಗಲೇ ಆಗಬೇಕು. ಆಗ ತಾಯಿಯು ಉಳಿದುದನ್ನು ಹೊಟ್ಟೆಗೆ ತುಂಬಿಕೊಳ್ಳುವ ಪ್ರಸಂಗವೂ ಇರದು. ಆಕೆಯೂ ಎಲ್ಲರೊಡನೆ ಪಂಕ್ತಿಯಲ್ಲಿಯೇ ಕುಳಿತುಣ್ಣಲಿ.

ಎರಡನೆಯದು: ಒಂದೇ ಒಲೆ, ಒಂದೇ ಅಡುಗೆ ಇರಲಿ. ಬದಲಾವಣೆಯು ಇಡಿಯ ಮನೆಗೆ ಆಗಲಿ. ಪರದೇಶದ ಧಾನ್ಯಗಳನ್ನು ದುಬಾರಿ ಬೆಲೆಗೆ ತರಬೇಕಾಗಿಲ್ಲ. ಜೋಳದ ರೊಟ್ಟಿ, ಸಾವೆಯ ಅನ್ನ, ಹೆಸರುಕಾಳಿನ ಪಲ್ಯ, ಮೆಂತೆ-ಪುಂಡಿ ಮೊದಲಾದ ಸೊಪ್ಪುಗಳು, ಮಜ್ಜಿಗೆ ಇವು ನಮ್ಮ ಸೀಮೆಯ ಊಟ. ಅನ್ನದ ಭಾಗವು ಕುಗ್ಗಿ ಕಾಳು-ಸೊಪ್ಪಿನ ಭಾಗವು ಹಿಗ್ಗಲಿ. ಉಪ್ಪು ಒಬ್ಬರಿಗೆ ದಿನಕ್ಕೆ ೫ ಗ್ರಾಂ ಮೀರಬಾರದೆಂಬುದು ವೈದ್ಯರ ಮಾತು. ಉಪ್ಪಿನಕಾಯಿ-ಹಪ್ಪಳಗಳೂ ಆ ಲೆಕ್ಕದಲ್ಲಿ ಸೇರಿವೆ.

ಮೂರನೆಯದು: ತಿಂಗಳಿಗೆ ಒಂದೇ ಬದಲಾವಣೆ. ಈ ತಿಂಗಳು ಚಹದ ಸಕ್ಕರೆಯನ್ನು ಅರ್ಧಕ್ಕಿಳಿಸಿ. ಅದು ನಾಲಗೆಗೆ ಒಗ್ಗಿದ ಮೇಲೆ ಸಂಜೆಯ ಮಿರ್ಚಿ-ಮಂಡಕ್ಕಿಯನ್ನು ವಾರಕ್ಕೊಮ್ಮೆಗೆ ತನ್ನಿ. ಆ ಮೇಲೆ ಊಟದ ನಂತರದ ನಡಿಗೆಯನ್ನು ಆರಂಭಿಸಿ.

ನಾಲ್ಕನೆಯದು: ಹಬ್ಬದ ದಿನ ಹೋಳಿಗೆಯನ್ನು ಕದ್ದು ತಿನ್ನುವವರಂತೆ ತಿನ್ನಬಾರದು. ಅರ್ಪಿಸಿ, ಎಲ್ಲರೊಡನೆ ಕುಳಿತು, ಮಿತವಾಗಿ ಸ್ವೀಕರಿಸಬೇಕು. ಮರುದಿನ ಅದಕ್ಕಾಗಿ ಉಪವಾಸದ ದಂಡನೆ ಬೇಡ. ಮುಂದಿನ ಊಟವು ಎಂದಿನ ಊಟವಾಗಿರಲಿ, ಅಷ್ಟೇ ಸಾಕು. ಎಡವಿದವನು ಮರುಹೆಜ್ಜೆಯಲ್ಲಿಯೇ ಸರಿಯಾಗಿ ನಡೆಯುವನಲ್ಲದೆ ದಾರಿಯ ಮೊದಲಿಗೆ ಹಿಂದಿರುಗುವುದಿಲ್ಲ.

ಐದನೆಯದು ಮುಖ್ಯವಾದ ಎಚ್ಚರಿಕೆ. ಮೂತ್ರಪಿಂಡದ ರೋಗ ಮೊದಲಾದವುಗಳಲ್ಲಿ ವೈದ್ಯರು ವಿಧಿಸಿದ ಪಥ್ಯವನ್ನು ಈ ಲೇಖನದ ಆಧಾರದಿಂದ ಸಡಿಲಿಸಬಾರದು. ಅದು ಔಷಧಕ್ಕೆ ಸಮಾನ. ಸಕ್ಕರೆಯ ರೋಗಕ್ಕೆ ಇನ್ಸುಲಿನ್ ಅಥವಾ ಗುಳಿಗೆ ತೆಗೆದುಕೊಳ್ಳುವವರು ಶಿವರಾತ್ರಿಯ ಉಪವಾಸವನ್ನಾಗಲಿ ಶ್ರಾವಣದ ಒಪ್ಪತ್ತನ್ನಾಗಲಿ ವೈದ್ಯರನ್ನು ಕೇಳದೆ ಹಿಡಿಯಬಾರದು. ರಕ್ತದಲ್ಲಿ ಸಕ್ಕರೆಯು ಒಮ್ಮೆಗೇ ಇಳಿದರೆ ಪ್ರಾಣಕ್ಕೆ ಅಪಾಯವುಂಟು. ದೇಹವನ್ನು ಕೆಡಿಸಿ ಮಾಡುವ ವ್ರತವು ಶರಣಸಮ್ಮತವಲ್ಲ.

ಕೊನೆಯದಾಗಿ ಒಂದು ಮಾತು. ಮಿತವಾಗಿ ಉಂಡವನ ಮನೆಯಲ್ಲಿ ಧಾನ್ಯವು ಉಳಿಯುವುದು; ಉಳಿದುದು ದಾಸೋಹಕ್ಕೆ ಸಲ್ಲುವುದು. ತನ್ನ ದೇಹದ ಹಿತವೂ ಹಸಿದವನ ಹಿತವೂ ಒಂದೇ ಕೈಯ ಅಳತೆಯಲ್ಲಿ ಕೂಡಿರುವಾಗ, ಆ ಅಳತೆಯನ್ನು ಕಾಯಲು ಹೊರಗಿನ ಪಟ್ಟಿಯು ಬೇಕಾಗುವುದಿಲ್ಲ. ಸದ್ಭಕ್ತರೆಲ್ಲರೂ ಇಂದಿನ ಊಟದಿಂದಲೇ, ಮೊದಲನೆಯ ತುತ್ತಿಗೆ ಮುನ್ನ ಒಂದು ಕ್ಷಣ ಎಚ್ಚರದಿಂದ ತಟ್ಟೆಯನ್ನು ನೋಡುವ ಅಭ್ಯಾಸವನ್ನು ಕೈಕೊಳ್ಳಲಿ.