ಲಸಿಕೆ ಹಾಕಿದ ಮೇಲೆ ಕೋಳಿಯ ರಕ್ತದಲ್ಲಿ ಏನಾಗುತ್ತದೆ?

ಪ್ರಶ್ನೆ: ಮದ್ದೂರು ತಾಲ್ಲೂಕಿನವರು ನಾವು. ಕಬ್ಬಿನ ಜೊತೆಗೆ ಮುನ್ನೂರು ಮೊಟ್ಟೆ ಕೋಳಿ ಸಾಕಿದ್ದೇವೆ. ಕೊಕ್ಕರೆ ರೋಗದ ಲಸೋಟ ಲಸಿಕೆಯನ್ನು ನೀರಿನಲ್ಲಿ ಕೊಟ್ಟ ಮೂರನೇ ದಿನ ಕೋಳಿಗಳು ಮಂಕಾದವು, ಮೊಟ್ಟೆಯೂ ಇಳಿಯಿತು. ಮನುಷ್ಯರ ರಕ್ತ ನೋಡುವ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದರೆ ಬಿಳಿ ರಕ್ತಕಣ ವಿಪರೀತ ಜಾಸ್ತಿ ಎಂದು ಬಂತು. ಲಸಿಕೆಯೇ ರೋಗ ತಂದಿತೇ?

ಉತ್ತರ: ಗಾಬರಿಯಾಗಬೇಡಿ. ಮೊದಲು ಆ ವರದಿಯನ್ನು ಬದಿಗಿಡಿ. ನಮ್ಮ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರ ಇರುವುದಿಲ್ಲ, ಕೋಳಿಯದ್ದರಲ್ಲಿ ಇರುತ್ತದೆ. ಮನುಷ್ಯರ ರಕ್ತಕ್ಕೆಂದು ಮಾಡಿದ ಯಂತ್ರ ಅವನ್ನೂ ಬಿಳಿ ಕಣವೆಂದೇ ಎಣಿಸಿಬಿಡುತ್ತದೆ. ಕೋಳಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಕಣ್ಣಿನಿಂದಲೇ ಎಣಿಸಬೇಕು.

ಹಾಗೆಂದು ರಕ್ತದಲ್ಲಿ ಏನೂ ಬದಲಾಗಿಲ್ಲ ಎಂದಲ್ಲ. ಆರೋಗ್ಯವಾಗಿರುವ ಕೋಳಿಯ ಬಿಳಿ ಕಣಗಳಲ್ಲಿ ಲಿಂಫೋಸೈಟ್‌ಗಳೇ ಹೆಚ್ಚು. ಹೆಟೆರೊಫಿಲ್‌ಗಳೆಂಬ ಇನ್ನೊಂದು ಬಗೆಯ ಬಿಳಿ ಕಣಗಳು ಅವುಗಳ ಅರ್ಧದಷ್ಟೋ, ಅದಕ್ಕೂ ಕಡಿಮೆಯೋ. ಹಿಡಿಯುವ ಗಲಾಟೆ, ಬಿಸಿಲು, ಲಸಿಕೆಗೆಂದು ನೀರು ತಡೆದದ್ದು, ಇವೆಲ್ಲದರ ಒತ್ತಡಕ್ಕೆ ಹೆಟೆರೊಫಿಲ್ ಏರುತ್ತದೆ, ಲಿಂಫೋಸೈಟ್ ತಾತ್ಕಾಲಿಕವಾಗಿ ಇಳಿಯುತ್ತದೆ. ಲಸೋಟ ಜೀವಂತ, ದುರ್ಬಲ ವೈರಸ್. ಅದು ಉಸಿರ್ನಾಳದಲ್ಲಿ ಬೆಳೆದು ದೇಹವನ್ನು ಎಚ್ಚರಿಸುವಾಗ ಎರಡು-ಮೂರು ದಿನ ಮಂಕು, ಸಣ್ಣ ಗೊರಗೊರ ಸದ್ದು ಕಾಣಿಸಬಹುದು. ಆಮೇಲೆ ಪ್ರತಿಕಾಯಗಳು ಹುಟ್ಟಿ, ಮೂರು ವಾರದ ಸುಮಾರಿಗೆ ಉತ್ತುಂಗಕ್ಕೆ ಬರುತ್ತವೆ. ನಾವು ಲಸಿಕೆಯಿಂದ ಬಯಸುವುದೇ ಇದನ್ನು.

ಪ್ರತಿಕಾಯ ಹುಟ್ಟಿದೆಯೋ ಇಲ್ಲವೋ ನೋಡುವ ವಿಧಾನ ನನಗೆ ಇಂದಿಗೂ ಸೊಗಸೆನಿಸುತ್ತದೆ. ಈ ವೈರಸ್ಸಿಗೆ ಕೋಳಿಯ ಕೆಂಪು ಕಣಗಳನ್ನು ಒಂದಕ್ಕೊಂದು ಅಂಟಿಸುವ ಗುಣವಿದೆ. ರಕ್ತದ ತಿಳಿಯಲ್ಲಿ ಪ್ರತಿಕಾಯ ಇದ್ದರೆ ಆ ಅಂಟು ನಿಲ್ಲುತ್ತದೆ. ಕಣಗಳು ತಟ್ಟೆಯ ಗುಳಿಯ ತಳದಲ್ಲಿ ಕೆಂಪು ಗುಂಡಿಯಂತೆ ಕೂರುತ್ತವೆ. ಇದೇ ಎಚ್.ಐ. ಪರೀಕ್ಷೆ. ಮುಂದಿನ ಸಲ ಲಸಿಕೆಗೆ ಮೊದಲು ಮತ್ತು ಮೂರು ವಾರದ ಮೇಲೆ, ಕೆಲವು ಕೋಳಿಗಳ ರೆಕ್ಕೆಯ ರಕ್ತನಾಳದಿಂದ ರಕ್ತ ತೆಗೆಸಿ ಎರಡನ್ನೂ ಹೋಲಿಸಿ ನೋಡಿ. ನಿಮ್ಮ ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಕೇಳಿದರೆ ಮಾದರಿಯನ್ನು ಎಲ್ಲಿಗೆ ಕಳಿಸಬೇಕೆಂದು ಹೇಳುತ್ತಾರೆ.

ಲಸಿಕೆ ನೀರಿನಲ್ಲಿ ಕ್ಲೋರಿನ್ ಇದ್ದರೆ ವೈರಸ್ ಅಲ್ಲೇ ಸತ್ತು ಶ್ರಮವೆಲ್ಲ ವ್ಯರ್ಥ. ಬ್ಲೀಚಿಂಗ್ ಹಾಕದ ತಣ್ಣನೆ ನೀರಿಗೆ ಲೀಟರಿಗೆ 5 ಗ್ರಾಂ ಕೆನೆರಹಿತ ಹಾಲಿನ ಪುಡಿ ಬೆರೆಸಿ, ಬೆಳಗಿನ ತಂಪಿನಲ್ಲೇ ಕೊಡಿ. ಎರಡು ಗಂಟೆಯೊಳಗೆ ಅಷ್ಟೂ ನೀರು ಕುಡಿದು ಮುಗಿಯಬೇಕು.

ಮೊಟ್ಟೆ ಇಳಿಕೆ ಒಂದು ವಾರ ದಾಟಿದರೆ, ಹಸಿರು ಭೇದಿ, ಕುತ್ತಿಗೆ ತಿರುಚುವುದು, ತೊಗಲು ಮೊಟ್ಟೆ ಕಂಡರೆ ಲಸಿಕೆಯ ಮೇಲೆ ಹಾಕಿ ಸುಮ್ಮನಿರಬೇಡಿ. ಅದು ನಿಜವಾದ ಕೊಕ್ಕರೆ ರೋಗ ಆಗಿರಬಹುದು, ಅದೇ ದಿನ ಪಶುವೈದ್ಯರನ್ನು ಕರೆಸಿ.

ಪ್ರಶ್ನೆ: ಲಸಿಕೆ ಹಾಕಿದ ನಾಟಿ ಕೋಳಿಯ ಮೊಟ್ಟೆ ಮಕ್ಕಳಿಗೆ ಕೊಡಬಹುದೇ? ಕಾವಿಗೆ ಇಡಬಹುದೇ? (ಮಳವಳ್ಳಿಯ ಗೃಹಿಣಿ)

ಉತ್ತರ: ಚೆನ್ನಾಗಿ ಬೇಯಿಸಿ ಧಾರಾಳವಾಗಿ ಕೊಡಿ ತಾಯಿ. ಕಾವಿಗೆ ಇಟ್ಟರೆ ಲಾಭವೇ: ತಾಯಿಯ ರಕ್ತದ ಪ್ರತಿಕಾಯ ಹಳದಿಯ ಮೂಲಕ ಮರಿಗೆ ಹೋಗಿ ಮೊದಲ ಕೆಲವು ವಾರ ಕಾಯುತ್ತದೆ. ಆಮೇಲೆ ಅದು ಕರಗುತ್ತದೆ, ಆದ್ದರಿಂದ ಮರಿಗಳಿಗೆ ಮೊದಲ ವಾರದಲ್ಲೇ ಕಣ್ಣಿಗೆ ಒಂದು ಹನಿ ಲಸಿಕೆ ಹಾಕಿಸುವುದನ್ನು ತಪ್ಪಿಸಬೇಡಿ. ಲಸಿಕೆ ಮುಟ್ಟಿದ ಕೈಯಿಂದ ನಿಮ್ಮ ಕಣ್ಣು ಉಜ್ಜಿಕೊಂಡರೆ ಕಣ್ಣು ಕೆಂಪಾಗಿ ಉರಿಯಬಹುದು, ಸೋಪು ಹಚ್ಚಿ ತೊಳೆದುಕೊಳ್ಳಿ.