ಮೂರು ವರ್ಷ ತುಂಬುವ ತನಕ ಕೂಸನ್ನು ಯಾರು ನೋಡಬೇಕು?

ಪ್ರಶ್ನೆ: ನನ್ನ ಸೊಸಿ ಪರಸಿ ಪಾಲಿಶ್ ಮಾಡೋ ಕಡೆ ಕೆಲಸಕ್ಕ ಹೋಗ್ತಾಳ. ಮೊಮ್ಮಗನಿಗೆ ಒಂದೂವರಿ ವರ್ಷ. ಮೂರು ವರ್ಷ ಆದಮ್ಯಾಲ ಕರಕೊಂಡು ಬರ್ರಿ ಅಂತ ಅಂಗನವಾಡಿಯೊಳಗ ಅಂದ್ರು. ಅಲ್ಲಿ ತನಕ ದುಡಿಯೋ ತಾಯಂದಿರಿಗೆ ಸರ್ಕಾರದಿಂದ ಏನರ ಸಹಾಯ ಅದ ಏನ್ರಿ? ಕೂಸು ನೋಡೋರಿಗೆ ಪಗಾರ ಯಾರು ಕೊಡ್ತಾರ?
– ಶಹಾಬಾದಿನ ಓದುಗರು

ಉತ್ತರ: ಸಹಾಯ ಇದೆ, ಆದರೆ ಒಂದೇ ಕಚೇರಿಯಲ್ಲಿ ಸಿಗುವುದಿಲ್ಲ. ಕೂಸಿನ ವಯಸ್ಸೆಷ್ಟು, ಮನೆ ಇರುವುದು ಹಳ್ಳಿಯಲ್ಲೋ ಪಟ್ಟಣದಲ್ಲೋ, ತಾಯಿ ದುಡಿಯುವುದು ಯಾರಲ್ಲಿ ಎಂಬುದರ ಮೇಲೆ ಅದು ನಿಂತಿದೆ.

ಹೆರಿಗೆ ಹೊತ್ತಿನ ನೆರವು ನೇರವಾಗಿ ತಾಯಿಯ ಖಾತೆಗೆ ಬರುತ್ತದೆ. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಮೊದಲ ಕೂಸಿಗೆ ₹5,000, ಎರಡನೆಯದು ಹೆಣ್ಣಾದರೆ ₹6,000. ಇಎಸ್‌ಐ ವಂತಿಗೆ ಸರಿಯಾಗಿ ಕಟ್ಟಿದ್ದರೆ ಮೊದಲೆರಡು ಹೆರಿಗೆಗೆ 26 ವಾರ ಕೂಲಿಯಷ್ಟೇ ಹಣ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರಿದ್ದವರಿಗೆ ‘ತಾಯಿ ಮಗು ಸಹಾಯ ಹಸ್ತ’ದಡಿ ಮಗುವಿಗೆ ಮೂರು ವರ್ಷವಾಗುವವರೆಗೆ ವರ್ಷಕ್ಕೆ ₹6,000. ಇವು ಬಾಣಂತನಕ್ಕೆ ಆಸರೆ. ಹಗಲೆಲ್ಲ ಕೂಸನ್ನು ನೋಡುವವರಿಗೆ ಕೊಡಲು ಸಾಲುವುದಿಲ್ಲ.

ನಿಮ್ಮ ಕಷ್ಟ ಶುರುವಾಗುವುದೇ ಇಲ್ಲಿಂದ. 1975ರಲ್ಲಿ ಆರಂಭವಾದ ಅಂಗನವಾಡಿ ವ್ಯವಸ್ಥೆ ಆರು ತಿಂಗಳಿಂದ ಮೂರು ವರ್ಷದ ಕೂಸುಗಳಿಗೆ ಆಹಾರದ ಪೊಟ್ಟಣವನ್ನು ಮನೆಗೆ ಕೊಡುತ್ತದೆ. ಕೇಂದ್ರದಲ್ಲಿ ಕೂರಿಸಿಕೊಳ್ಳುವುದು ಮೂರು ವರ್ಷದ ಮೇಲೆ. ತಾಯಿ ಮತ್ತೆ ಕೆಲಸಕ್ಕೆ ಹೊರಡುವುದು ಸರಿಯಾಗಿ ಈ ನಡುವಿನ ಕಾಲದಲ್ಲೇ. ಸೇಡಂ, ಚಿಂಚೋಳಿ ಕಡೆ ಕಳೆ ತೆಗೆಯುವಾಗ, ತೊಗರಿ ರಾಶಿ ಮಾಡುವಾಗ ಕೂಸು ಹೊಲದ ಬದುವಿನಲ್ಲಿರುತ್ತದೆ, ಇಲ್ಲವೇ ಅಕ್ಕನ ಕಂಕುಳಲ್ಲಿ. ಆ ಅಕ್ಕ ಅಷ್ಟು ದಿನ ಶಾಲೆ ಬಿಟ್ಟಿರುತ್ತಾಳೆ. ಸರ್ಕಾರ ಕೊಡದೆ ಉಳಿಸಿದ ಹಣವನ್ನು ತುಂಬುತ್ತಿರುವವಳು ಅವಳು.

ಈ ಕೊರತೆ ನೀಗಿಸಲೆಂದೇ ರಾಜ್ಯ ಸರ್ಕಾರ 2023–24ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ ಘೋಷಿಸಿತು. ಜಾಬ್ ಕಾರ್ಡ್ ಇದ್ದ ಹೆಂಗಸರಿಗೆ ತರಬೇತಿ ಕೊಟ್ಟು, ಕೂಸು ನೋಡುವ ಕೆಲಸಕ್ಕೆ ಉದ್ಯೋಗ ಖಾತ್ರಿಯಿಂದ ಕೂಲಿ ಕೊಡುವುದು ಅದರ ಕ್ರಮವಾಗಿತ್ತು. ಆ ದಿನಗೂಲಿ 2023–24ರಲ್ಲಿ ₹316 ಇತ್ತು. 2025–26ರಲ್ಲಿ ₹370 ಆಯಿತು. ಕೂಸು ನೋಡುವುದು ಮಣ್ಣು ಹೊರುವಷ್ಟೇ ದುಡಿಮೆ ಎಂದು ಸರ್ಕಾರವೇ ಒಪ್ಪಿದ್ದು ದೊಡ್ಡ ಮಾತು. ಆದರೆ ಒಂದು ಮನೆಗೆ ವರ್ಷಕ್ಕೆ ನೂರು ದಿನದ ಕೆಲಸ ಎಂಬ ಲೆಕ್ಕದಿಂದಾಗಿ ನೋಡಿಕೊಳ್ಳುವವರು ಬದಲಾಗುತ್ತಲೇ ಇರಬೇಕಾಯಿತು. ಒಂದು ವರ್ಷದ ಕೂಸಿಗೆ ಬೇಕಾದದ್ದು ದಿನವೂ ಅದೇ ಮುಖ, ಅದೇ ತೋಳು. ಪಂಚಾಯಿತಿಗಳ ಹೊಣೆ ಹೊತ್ತ ಗ್ರಾಮೀಣಾಭಿವೃದ್ಧಿ ಇಲಾಖೆಯ ಸಚಿವರಾದ ಪ್ರಿಯಾಂಕ್ ಖರ್ಗೆಯವರು ಚಿತ್ತಾಪುರದ ಶಾಸಕರು. ನಮ್ಮೂರ ಕೂಸಿನ ಮನೆ ವರ್ಷವಿಡೀ ಒಬ್ಬರದೇ ಕೈಯಲ್ಲಿ ನಡೆಯಲಿ ಎಂದು ಈ ಭಾಗದ ಗ್ರಾಮಸಭೆಗಳು ಅವರನ್ನೇ ಕೇಳಬಹುದು.

ಶಹಾಬಾದ್, ವಾಡಿ ಪಟ್ಟಣಗಳು. ಪಂಚಾಯಿತಿಯ ಕೂಸಿನ ಮನೆ ಅಲ್ಲಿಗೆ ಬರುವುದಿಲ್ಲ. ನೀವು ಕೇಳಬೇಕಾದದ್ದು ‘ಪಾಲ್ನಾ’. 2022ರಲ್ಲಿ ಕೇಂದ್ರ ಸರ್ಕಾರದ ಮಿಷನ್ ಶಕ್ತಿಯೊಳಗೆ ಸೇರಿದ ಈ ಯೋಜನೆಯಲ್ಲಿ ಅಂಗನವಾಡಿಯನ್ನೇ ಶಿಶುಪಾಲನಾ ಕೇಂದ್ರವಾಗಿಸಿ, ಆರು ತಿಂಗಳಿಂದ ಆರು ವರ್ಷದ ಮಕ್ಕಳನ್ನು ಹಗಲು ನೋಡಿಕೊಳ್ಳಬಹುದು. ವೆಚ್ಚದಲ್ಲಿ ಕೇಂದ್ರ ಸರ್ಕಾರದ ಪಾಲು ಶೇ. 60, ರಾಜ್ಯದ್ದು ಶೇ. 40. ಕಾರ್ಯಕರ್ತೆ, ಸಹಾಯಕಿಯ ಗೌರವಧನ ಬರುವುದು ಇದರಿಂದಲೇ. ನಿಮ್ಮ ಓಣಿಯ ಅಂಗನವಾಡಿಗೆ ಇದು ಬೇಕೆಂದು ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಅರ್ಜಿ ಕೊಡಿ. ಓಣಿಯಲ್ಲಿ ಎಷ್ಟು ಕೂಸುಗಳಿವೆ, ತಾಯಂದಿರು ಎಲ್ಲಿ ದುಡಿಯುತ್ತಾರೆ ಎಂಬ ಪಟ್ಟಿಯನ್ನೂ ಜೊತೆಗಿಡಿ.

ಇನ್ನು ಮಾಲೀಕರ ಹೊಣೆ. 30ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಶಿಶುಪಾಲನಾ ಕೋಣೆ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆ, 1976ರ ತಿದ್ದುಪಡಿಯ ನಂತರ, ಹೇಳಿತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ 50 ಅಥವಾ ಹೆಚ್ಚು ನೌಕರರಿರುವ ಎಲ್ಲ ಕಡೆಗೂ ಅದನ್ನು ವಿಸ್ತರಿಸಿ, ತಾಯಿ ದಿನಕ್ಕೆ ನಾಲ್ಕು ಸಲ ಕೂಸಿನ ಬಳಿ ಹೋಗಲು ಅವಕಾಶ ಕೊಟ್ಟಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಆ ಹಕ್ಕು ಉಳಿದಿದೆ. ದೊಡ್ಡ ಸಿಮೆಂಟ್ ಕಾರ್ಖಾನೆಗಳಿಗೆ ಇದು ತಟ್ಟುತ್ತದೆ. ಹತ್ತು-ಹದಿನೈದು ಜನರ ಪಾಲಿಶ್ ಘಟಕಕ್ಕೆ ತಟ್ಟುವುದಿಲ್ಲ. ಹಲವರು ಕೂಡಿ ಒಂದೇ ಕೇಂದ್ರ ನಡೆಸಲು ಕಾನೂನಿನ ಅಡ್ಡಿಯಿಲ್ಲ. ಪಾಲಿಶ್ ಘಟಕಗಳ ಮಾಲೀಕರನ್ನು ನಗರಸಭೆ ಒಟ್ಟಿಗೆ ಕೂರಿಸಿ ಇದಕ್ಕೆ ಒಪ್ಪಿಸಬೇಕು.

ಹಣ ಎಲ್ಲಿದೆ ಎಂದರೆ, ನಿಮ್ಮ ಕಾಲಡಿಯ ಸುಣ್ಣದ ಕಲ್ಲಿನಲ್ಲೇ ಇದೆ. ಗಣಿ ಕಾಯ್ದೆಯ 2015ರ ತಿದ್ದುಪಡಿ ಮತ್ತು ಅದರ ನಿಯಮಗಳ ಪ್ರಕಾರ ಹಳೆಯ ಗಣಿ ಗುತ್ತಿಗೆದಾರರು ರಾಯಧನದ ಶೇ. 30ರಷ್ಟನ್ನು, ಹರಾಜಿನಲ್ಲಿ ಪಡೆದವರು ಶೇ. 10ರಷ್ಟನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕಟ್ಟಬೇಕು. ಗಣಿಬಾಧಿತ ಊರುಗಳಿಗೆ ಖರ್ಚಾಗಬೇಕಾದ ಆ ನಿಧಿಯ ಆದ್ಯತೆಗಳಲ್ಲಿ ಮಹಿಳಾ ಮತ್ತು ಮಕ್ಕಳ ಕಲ್ಯಾಣವೂ ಸೇರಿದೆ. ರಸ್ತೆ, ಚರಂಡಿಗೆ ಕೇಳುವಷ್ಟೇ ಗಟ್ಟಿಯಾಗಿ ಶಿಶುಪಾಲನಾ ಕೇಂದ್ರಕ್ಕೂ ಕೇಳಿ.

ಕೇಳುವಾಗ ಕಟ್ಟಡ, ಆಟಿಕೆಗಳ ಜೊತೆಗೆ ಕೂಸು ನೋಡುವವರ ಪಗಾರವನ್ನೂ ಬರೆಸಿ. ಅಂಗನವಾಡಿ ಕಾರ್ಯಕರ್ತೆಯರಿಗೆ ಗ್ರಾಚ್ಯುಟಿ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ ಹೇಳಲು 2022ರ ತನಕ ಕಾಯಬೇಕಾಯಿತು. ಹೊಸ ಕೇಂದ್ರಗಳಲ್ಲಿ ದುಡಿಯುವವರಿಗೆ ಆ ಕಾಯುವಿಕೆ ಬರಬಾರದು. ತಿಂಗಳು ತಿಂಗಳು ತಪ್ಪದೆ ಪಗಾರ ಸಿಕ್ಕರೆ ಅವರು ಕೆಲಸ ಬಿಡುವುದಿಲ್ಲ; ಅವರು ಉಳಿದರಷ್ಟೇ ನಿಮ್ಮ ಸೊಸೆ ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗಲು ಸಾಧ್ಯ.